ಪೆಡಲ್ ನೆಲ ಮುಟ್ಟಿದ ಮೇಲೆ

ಕಾರಿನ ಎಣ್ಣೆ ಬದಲಾಯಿಸುವುದಕ್ಕೆ ನನಗೆ ಗೊತ್ತಿದ್ದ ಲೆಕ್ಕ ಒಂದೇ. ಗ್ಯಾರೇಜಿನವರು ಗಾಜಿನ ಮೂಲೆಯಲ್ಲಿ ಅಂಟಿಸಿದ ಸ್ಟಿಕ್ಕರ್ ನೋಡುವುದು. ಅದರಲ್ಲಿ ಬರೆದ ಕಿಲೋಮೀಟರ್ ಬಂತಾ, ಹೋಗಿ ಕಾರು ಬಿಟ್ಟು ಬರುವುದು. ವರ್ಷಗಟ್ಟಲೆ ಹೀಗೇ ನಡೆಯಿತು, ಏನೂ ಆಗಲಿಲ್ಲ. ತಾಪತ್ರಯ ಶುರುವಾದದ್ದು ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸುವ ರುಚಿ ಹತ್ತಿದ ಮೇಲೆ.

ಬೆಂಗಳೂರಿನವರಿಗೆ ಟ್ರ್ಯಾಕ್ ಅಂದರೆ ತಮಿಳುನಾಡು. ನಮ್ಮಲ್ಲಿ ಗೋ-ಕಾರ್ಟ್ ಓಡಿಸುವ ಜಾಗ ಇದೆ. ಆದರೆ ಸ್ವಂತ ಕಾರನ್ನೇ ಮನಸಾರೆ ಓಡಿಸಬೇಕು ಅಂದರೆ ಒಂದೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಇಲ್ಲಾ ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟೈ. ಎರಡನೆಯದು 1990ರಲ್ಲಿ ಶುರುವಾದದ್ದು, ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರದು. ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅಂತ ಹೆಸರು, ನಮ್ಮ ಬಾಯಲ್ಲಿ ಇನ್ನೂ ಎಂಎಂಆರ್‌ಟಿ (ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್). ಒಂದು ಸುತ್ತು 3.7 ಕಿಲೋಮೀಟರ್, 12 ತಿರುವು. ತಿರುವುಗಳನ್ನು ಸಿ-1, ಸಿ-2 ಅಂತ ನಂಬರಿನಲ್ಲೇ ಕರೆಯುತ್ತಾರೆ. ಹಿಂದಿನ ಮಧ್ಯಾಹ್ನ ಹೊಸೂರು, ಕೃಷ್ಣಗಿರಿ ದಾಟಿ, ಆಂಬೂರಿನಲ್ಲಿ ಬಿರಿಯಾನಿಗೆ ನಿಲ್ಲಿಸಿ, ರಾತ್ರಿ ಶ್ರೀಪೆರಂಬುದೂರಿನಲ್ಲಿ ಮಲಗಿ, ಬೆಳಗ್ಗೆ ಟ್ರ್ಯಾಕಿಗೆ ಹೋಗುವುದು ನಮ್ಮ ಮೂವರ ರೂಢಿ.

ನನ್ನದು ಒಂದು ಲೀಟರಿನ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್ ಗೇರ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಆಫೀಸಿಗೂ ಅದೇ, ಮಗಳ ಸ್ಕೂಲಿಗೂ ಅದೇ, ಟ್ರ್ಯಾಕಿಗೂ ಅದೇ. ಮೊದಲ ಟ್ರ್ಯಾಕ್ ದಿನ (ದುಡ್ಡು ಕೊಟ್ಟು ಸ್ವಂತ ಕಾರನ್ನು ಟ್ರ್ಯಾಕಿನಲ್ಲಿ ಓಡಿಸುವ ದಿನ) ಹೆದರಿಕೊಂಡೇ ಓಡಿಸಿದೆ, ಕಾರಿಗೂ ಏನೂ ಆಗಲಿಲ್ಲ. ಎರಡನೇ ಸಲ ಸ್ವಲ್ಪ ಧೈರ್ಯ ಬಂದಿತ್ತು. ಅಲ್ಲೇ ಎಡವಟ್ಟಾಯಿತು.

ಮೂರನೇ ಸೆಷನ್, ಅಂದರೆ ಟ್ರ್ಯಾಕಿಗೆ ಇಳಿಯುವ ಮೂರನೇ ಸರದಿ, ನಾಲ್ಕನೇ ಸುತ್ತು. ಮೇನ್ ಸ್ಟ್ರೇಟಿನ ಕೊನೆಗೆ ಸ್ಪೀಡೋಮೀಟರ್ 160ರ ಹತ್ತಿರ. ಬ್ರೇಕ್ ಒತ್ತಿದೆ. ಪೆಡಲ್ ಹತ್ತಿಯ ದಿಂಬಿನ ಮೇಲೆ ಕಾಲಿಟ್ಟ ಹಾಗೆ ಕೆಳಗೆ ಹೋಯಿತು. ಹೋಗುತ್ತಲೇ ಇತ್ತು. ನೆಲ ಮುಟ್ಟಿತು. ಕಾರಿನ ವೇಗ ಅಷ್ಟೇ ಇತ್ತು. ಆ ಕ್ಷಣದಲ್ಲಿ ನಾನು ಏನೂ ಯೋಚನೆ ಮಾಡಲಿಲ್ಲ, ಕಾಲು ತಾನೇ ಪಂಪ್ ಮಾಡಲು ಶುರು ಮಾಡಿತು. ಒಂದು, ಎರಡು, ಮೂರನೆಯದಕ್ಕೆ ಸ್ವಲ್ಪ ಹಿಡಿಯಿತು. ಗೇರ್ ಇಳಿಸಿದೆ. ತಿರುವು ಸಿಗಲಿಲ್ಲ, ಕಾರು ನೆಟ್ಟಗೆ ಪಕ್ಕದ ಮಣ್ಣಿಗೆ ಇಳಿದು, ಧೂಳೆಬ್ಬಿಸಿಕೊಂಡು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಟ್ರ್ಯಾಕಿನ ಪಕ್ಕ ಕಾವಲು ನಿಲ್ಲುವ ಮಾರ್ಷಲ್ ಹುಡುಗ ಓಡಿ ಬಂದು ಹೆಬ್ಬೆರಳು ಎತ್ತಿ 'ಓಕೆನಾ' ಅಂತ ಸನ್ನೆ ಮಾಡಿದ. ನಾನೂ ಹೆಬ್ಬೆರಳು ಎತ್ತಿದೆ. ಅದು ನಡುಗುತ್ತಿತ್ತು.

ತಮಾಷೆ ಏನು ಗೊತ್ತಾ? ಊಟ ಮುಗಿಸಿ ಬಂದು ಪೆಡಲ್ ಒತ್ತಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಗಟ್ಟಿಯಾಗಿತ್ತು. 'ಸರಿ ಹೋಯ್ತಲ್ಲ, ಇನ್ನೊಂದು ಸೆಷನ್ ಹೋಗೋಣ' ಅಂದೆ. ಜೊತೆಗೆ ಬಂದಿದ್ದ ಗೆಳೆಯ ಕಾರಿನ ಕೀ ಕಿತ್ತುಕೊಂಡ. ಅವನು ಹತ್ತು ವರ್ಷದಿಂದ ಟ್ರ್ಯಾಕಿಗೆ ಬರುವವನು. ಬಾನೆಟ್ ಎತ್ತಿ ಬ್ರೇಕ್ ಫ್ಲೂಯಿಡ್ ಡಬ್ಬಿ ತೋರಿಸಿದ. ಒಳಗಿದ್ದದ್ದು ಸ್ಟ್ರಾಂಗ್ ಡಿಕಾಕ್ಷನ್ ಬಣ್ಣ. ಹೊಸದು ತೆಳು ಜೇನಿನ ಬಣ್ಣ ಇರುತ್ತದೆ.

ಸಂಗತಿ ಇಷ್ಟು. ಬ್ರೇಕ್ ಫ್ಲೂಯಿಡ್ ದ್ರವ, ಹಾಗಾಗಿ ಒತ್ತಿದರೆ ಕುಗ್ಗುವುದಿಲ್ಲ. ಕಾಲಿನ ಒತ್ತಡ ಹಾಗೇ ಚಕ್ರಕ್ಕೆ ಹೋಗುತ್ತದೆ. ಅದು ಕುದಿದರೆ ಒಳಗೆ ಆವಿಯ ಗುಳ್ಳೆ ಏಳುತ್ತದೆ. ಆವಿ ಕುಗ್ಗುತ್ತದೆ. ನಾವು ಒತ್ತಿದ್ದೆಲ್ಲ ಗುಳ್ಳೆ ಹಿಸುಕುವುದಕ್ಕೇ ಖರ್ಚಾಗಿ ಚಕ್ರಕ್ಕೆ ಏನೂ ತಲುಪುವುದಿಲ್ಲ. ತಣ್ಣಗಾದ ಮೇಲೆ ಗುಳ್ಳೆ ಮತ್ತೆ ದ್ರವವಾಗಿ ಪೆಡಲ್ ವಾಪಸ್ ಬರುತ್ತದೆ. ರೋಗ ವಾಸಿಯಾಗಿರುವುದಿಲ್ಲ. ಇನ್ನೊಂದು ನಾಲ್ಕು ಸುತ್ತಿಗೆ ಅದೇ ಕಥೆ. (ಪೆಡಲ್ ಗಟ್ಟಿ ಇದ್ದು, ಎಷ್ಟು ತುಳಿದರೂ ಕಾರು ನಿಲ್ಲದಿದ್ದರೆ ಅದು ಬೇರೆ, ಅಲ್ಲಿ ಸುಸ್ತಾಗಿರುವುದು ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್. ಎರಡನ್ನೂ ಕಲಸಿಕೊಂಡು ಸುಮ್ನೆ ಪ್ಯಾಡಿಗೆ ದುಡ್ಡು ಸುರಿಯುವವರನ್ನು ನೋಡಿದ್ದೇನೆ.)

ಕುದಿಯುವಷ್ಟು ಬಿಸಿ ಎಲ್ಲಿಂದ ಬಂತು ಅಂತ ಅವತ್ತು ರಾತ್ರಿ ಲಾಡ್ಜಿನಲ್ಲಿ ಕೂತು ಲೆಕ್ಕ ಹಾಕಿದೆ. ನನ್ನನ್ನೂ ಸೇರಿಸಿ ಕಾರು 1,150 ಕಿಲೋ ಅಂದುಕೊಳ್ಳಿ. 160ರಿಂದ 80ಕ್ಕೆ ಇಳಿಸುವಾಗ ಬ್ರೇಕು ನುಂಗುವ ಶಕ್ತಿ ಎರಡೂವರೆ ಲೀಟರಿಗೂ ಜಾಸ್ತಿ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಒಂದು ದೊಡ್ಡ ಪಾತ್ರೆಯಲ್ಲಿ ಅನ್ನಕ್ಕೆ ಎಸರು ಬರಿಸಿದ ಹಾಗೆ. ಅದೂ ನಾಲ್ಕೈದು ಸೆಕೆಂಡಿನಲ್ಲಿ, ಹೆಚ್ಚಿನದೆಲ್ಲ ಮುಂದಿನ ಎರಡು ಡಿಸ್ಕಿನ ಮೇಲೆ. ಸುತ್ತಿಗೆ ಇಂಥ ಬ್ರೇಕಿಂಗ್ ಹಲವು ಸಲ.

ಇನ್ನು ಫ್ಲೂಯಿಡ್ಡಿನ ಕಡೆ. ಸಾಧಾರಣ ಡಾಟ್ 4 (ಬ್ರೇಕ್ ಫ್ಲೂಯಿಡ್ಡಿನ ಒಂದು ದರ್ಜೆ) ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಆದರೆ ಇದು ನೀರು ಕುಡಿಯುವ ಜಾತಿ. ಗಾಳಿಯಲ್ಲಿನ ತೇವವನ್ನು ರಬ್ಬರ್ ಪೈಪು, ಡಬ್ಬಿಯ ಮುಚ್ಚಳದ ಮೂಲಕ ಎಳೆದುಕೊಳ್ಳುತ್ತಲೇ ಇರುತ್ತದೆ. ಅದರಲ್ಲಿ 3.7 ಪರ್ಸೆಂಟ್ ನೀರು ಸೇರಿತು ಅಂದರೆ ನಿಯಮದ ಪ್ರಕಾರ 155 ಡಿಗ್ರಿ ತಡೆದುಕೊಂಡರೆ ಸಾಕು. ನನ್ನದು ಕಾರು ಕೊಂಡಾಗಿನದು, ಮೂರು ವರ್ಷ ಹಳೆಯದು. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು ಅಂತ ಮ್ಯಾನುಯಲ್‌ನಲ್ಲೇ ಇತ್ತು. ನಾನು ಓದಿರಲಿಲ್ಲ, ಓದಿ ಹೇಳಬೇಕಾದವರೂ ಹೇಳಿರಲಿಲ್ಲ. ಊರಿಗೆ ಬಂದು ಸರ್ವಿಸ್ ಮಾಡಿಸುವ ಕಡೆ ಕೇಳಿದರೆ, 'ಲೆವೆಲ್ ಸರಿ ಇದೆಯಲ್ಲ ಸಾರ್, ಇನ್ನೂ ಓಡುತ್ತೆ' ಅಂದರು. ಓಡುವುದೇನೋ ಓಡುತ್ತೆ, ನಿಲ್ಲಬೇಕಲ್ಲ?

ಅವತ್ತೇ ನಿರ್ಧಾರ ಮಾಡಿದೆ, ಇನ್ನು ಬ್ರೇಕ್ ಕೆಲಸ ನಾನೇ ಕಲಿಯುವುದು ಅಂತ.

ಜೆ.ಸಿ. ರಸ್ತೆಗೆ ಹೋಗಿ ಮೋಟುಲ್ ಆರ್‌ಬಿಎಫ್ 600 ಅನ್ನುವ ರೇಸ್ ಬ್ರೇಕ್ ಫ್ಲೂಯಿಡ್ ತಂದೆ. ಹೊಸದರಲ್ಲಿ ಕುದಿಯುವುದು 312 ಡಿಗ್ರಿಗೆ. ಬೆಲೆ ಸಾಧಾರಣ ಡಾಟ್ 4ಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಅರ್ಧ ಲೀಟರಿನ ಬಾಟಲಿ ಎರಡು ಬೇಕಾಯಿತು. ಜೊತೆಗೆ 11ರ ರಿಂಗ್ ಸ್ಪ್ಯಾನರ್, ಅಕ್ವೇರಿಯಂ ಅಂಗಡಿಯಿಂದ ಪಾರದರ್ಶಕ ಪೈಪು, ಒಂದು ಹಳೇ ಜೂಸ್ ಬಾಟಲಿ. ಸಹಾಯಕ್ಕೆ ಹೆಂಡತಿ. ಅವಳು ಡ್ರೈವರ್ ಸೀಟಿನಲ್ಲಿ, ನಾನು ಚಕ್ರದ ಪಕ್ಕ ನೆಲದ ಮೇಲೆ. ನಾನು 'ಒತ್ತು' ಅಂದರೆ ಅವಳು ಪೆಡಲ್ ಒತ್ತಬೇಕು. ನಾನು ನಿಪ್ಪಲ್ (ಚಕ್ರದ ಬ್ರೇಕಿನಲ್ಲಿ ಫ್ಲೂಯಿಡ್ ಹೊರಗೆ ಬಿಡುವ ತಿರುಪು) ಸಡಿಲಿಸುತ್ತೇನೆ, ಹಳೆಯದು ಪೈಪಿನಲ್ಲಿ ಹೊರಗೆ ಬರುತ್ತದೆ, ನಿಪ್ಪಲ್ ಬಿಗಿ ಮಾಡುತ್ತೇನೆ, ಆಮೇಲೆ 'ಬಿಡು'. ನಿಪ್ಪಲ್ ಬಿಗಿಯಾಗುವ ಮೊದಲು ಅವಳು ಕಾಲೆತ್ತಿದರೆ ಗಾಳಿ ಒಳಗೆ. ಮೊದಲ ಅರ್ಧ ಗಂಟೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ತುಂಬಾ 'ಒತ್ತು, ಹಿಡ್ಕೋ, ಇನ್ನೂ ಹಿಡ್ಕೋ, ಬಿಡು' ಅನ್ನುವುದೇ ಕೇಳಿಸುತ್ತಿತ್ತು. ಸೆಕ್ಯುರಿಟಿಯವರು ಎರಡು ಸಲ ಬಂದು ನೋಡಿ ಹೋದರು.

ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು. ನಮ್ಮ ಕಾರಿನಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ನಾನು ಮಾಡಿದ ತಪ್ಪು ಎರಡು. ಮಾತಿನ ಭರದಲ್ಲಿ ಮೇಲಿನ ಡಬ್ಬಿ ನೋಡಲು ಮರೆತೆ, ಅದು ಖಾಲಿಯಾಗಿ ಗಾಳಿ ಎಳೆದುಕೊಂಡಿತು. ಮತ್ತೆ ಮೊದಲಿಂದ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಒಳಗೆ ಗಾಳಿ ಸಿಕ್ಕಿಕೊಂಡರೆ ಗ್ಯಾರೇಜಿನ ಸ್ಕ್ಯಾನರ್ ಇಲ್ಲದೆ ತೆಗೆಯುವುದು ಕಷ್ಟ, ನನ್ನ ಪುಣ್ಯ, ಅಷ್ಟು ದೂರ ಹೋಗಿರಲಿಲ್ಲ. ಎರಡನೆಯದು, ಫೆಂಡರ್ ಮೇಲೆ ನಾಲ್ಕು ಹನಿ ಚೆಲ್ಲಿದೆ, ತಕ್ಷಣ ನೀರು ಹಾಕಿ ತೊಳೆಯಲಿಲ್ಲ. ಬ್ರೇಕ್ ಫ್ಲೂಯಿಡ್ ಪೇಂಟ್ ತಿನ್ನುತ್ತದೆ. ಐದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಪೇಂಟ್ ಉಬ್ಬಿ ಎದ್ದ ಗುರುತು ಇವತ್ತಿಗೂ ಇದೆ.

ಇನ್ನೊಂದು ವಿಷಯ ನನಗೆ ಮುಂದಿನ ಟ್ರ್ಯಾಕ್ ದಿನದವರೆಗೂ ಹೊಳೆಯಲಿಲ್ಲ. ನಮ್ಮ ಕಾರಿನಲ್ಲಿ ಕ್ಲಚ್ಚಿಗೂ ಅದೇ ಡಬ್ಬಿಯ ಫ್ಲೂಯಿಡ್. ನಾಲ್ಕು ಚಕ್ರ ತೊಳೆದು ಕ್ಲಚ್ ಲೈನ್ ಬಿಟ್ಟಿದ್ದೆ. ಹೊಸ ಫ್ಲೂಯಿಡ್ ಎರಡೇ ವಾರದಲ್ಲಿ ಕಪ್ಪಾಗಲು ಶುರುವಾಯಿತು, 'ರೇಸ್ ಫ್ಲೂಯಿಡ್ ಇಷ್ಟು ಬೇಗ ಹಾಳಾಗುತ್ತಾ' ಅಂತ ಬಯ್ದುಕೊಂಡೆ. ಹಾಳಾಗಿದ್ದು ಅದಲ್ಲ, ಕ್ಲಚ್ಚಿನಲ್ಲಿ ಉಳಿದಿದ್ದ ಹಳೇ ಕೊಳೆ ಮೇಲೆ ಬರುತ್ತಿತ್ತು.

ರೇಸ್ ಫ್ಲೂಯಿಡ್ ಹಾಕಿದ ಮೇಲೆ ಎರಡು ವರ್ಷ ಚಿಂತೆ ಇಲ್ಲ ಅಂದುಕೊಂಡರೆ ಕೆಟ್ಟಿರಿ. ಅದೂ ನೀರು ಕುಡಿಯುತ್ತದೆ. 312ರ ಆ ಆರ್‌ಬಿಎಫ್ 600 ನೀರು ಕುಡಿದ ಮೇಲೆ 205ಕ್ಕೆ ಇಳಿಯುತ್ತದೆ ಅಂತ ಬಾಟಲಿ ಮಾಡಿದವರೇ ಹೇಳುತ್ತಾರೆ. ಅಂದರೆ ಹಳೇ ರೇಸ್ ಫ್ಲೂಯಿಡ್‌ಗಿಂತ ನಿನ್ನೆ ಹಾಕಿದ ಸಾಧಾರಣ ಡಾಟ್ 4 ವಾಸಿ. ಅರ್ಧ ಉಳಿದ ಬಾಟಲಿಯನ್ನು ಮುಂದಿನ ವರ್ಷಕ್ಕೆ ಅಂತ ಎತ್ತಿಡುವುದೂ ಬೇಡ. ನಾನು ಜಿಪುಣ, ಎತ್ತಿಟ್ಟಿದ್ದೆ, ಕೊನೆಗೆ ಬಿಸಾಡಿದೆ. ಡಾಟ್ 5 ಅಂತ ಕಂಡರೆ ಮಾತ್ರ ನಂಬರ್ ದೊಡ್ಡದು ಅಂತ ತರಬೇಡಿ. ಅದು ಸಿಲಿಕೋನ್, ಡಾಟ್ 4ರ ಜೊತೆ ಸೇರುವುದಿಲ್ಲ. 5.1 ಬೇರೆ, ಅದು ಡಾಟ್ 4ರ ಬಳಗದ್ದೇ.

ಈಗ ಪ್ರತಿ ಟ್ರ್ಯಾಕ್ ದಿನಕ್ಕೆ ಮೊದಲು ನಾಲ್ಕೂ ಚಕ್ರದಲ್ಲಿ ಸ್ವಲ್ಪ ಸ್ವಲ್ಪ ಹೊರಗೆ ಬಿಡುತ್ತೇನೆ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗಿರುವುದೇ ಹೆಚ್ಚು ಬೆಂದಿರುವುದು, ಅದು ಹೋದರೆ ಸಾಕು. ಮೂರು ಟ್ರ್ಯಾಕ್ ದಿನಕ್ಕೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲು ಬರುತ್ತದೋ ಆವಾಗ ಪೂರ್ತಿ ಬದಲು. ಮಳೆಗಾಲ ಕಳೆದ ಮೇಲಿನ ಮೊದಲ ಟ್ರ್ಯಾಕ್ ದಿನಕ್ಕೆ ಲೆಕ್ಕ ನೋಡದೆ ಬದಲು. ಸೆಷನ್ ಮುಗಿಯುವಾಗ ಕೊನೆಯ ಸುತ್ತು ಬ್ರೇಕ್ ಮುಟ್ಟದೆ ನಿಧಾನಕ್ಕೆ ಬರುತ್ತೇನೆ, ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತೇನೆ.

ಎಂಜಿನ್ ಆಯಿಲ್ ವಿಷಯದಲ್ಲಿ ನಾನು ಉಲ್ಟಾ ತಪ್ಪು ಮಾಡಿದೆ. ಬ್ರೇಕಿನಲ್ಲಿ ಹೆದರಿದ್ದೆನಲ್ಲ, ಇಲ್ಲಿ ಅತಿ ಮಾಡಿದೆ. ಪ್ರತಿ ಟ್ರ್ಯಾಕ್ ದಿನದ ಮರುದಿನ ಆಯಿಲ್ ಬದಲು. ಗ್ಯಾರೇಜಿನ ಹುಡುಗ 'ಸಾರ್, ಇದಿನ್ನೂ ಹೊಸದು' ಅಂತ ಡಿಪ್‌ಸ್ಟಿಕ್ ತೋರಿಸಿದರೂ ಕೇಳಲಿಲ್ಲ.

ನನ್ನ ವಾದ ಪೂರ್ತಿ ತಪ್ಪಾಗಿರಲಿಲ್ಲ. ನೋಡಿ, 20 ನಿಮಿಷದ ಒಂದು ಸೆಷನ್ನಿಗೆ ನನಗೆ ಸಿಗುವುದು ಏಳೆಂಟು ಸುತ್ತು. ದಿನಕ್ಕೆ ನಾಲ್ಕು ಸೆಷನ್ ಅಂದರೆ ಮೀಟರಿನಲ್ಲಿ ಸುಮಾರು 110 ಕಿಲೋಮೀಟರ್. ಬೆಂಗಳೂರಿನಿಂದ ಹೋಗಿ ಬರುವುದಕ್ಕೇ 600 ಕಿಲೋಮೀಟರ್. ಸ್ಟಿಕ್ಕರಿನ ಲೆಕ್ಕ ನಂಬಿದರೆ ಆಂಬೂರಿನ ಹೈವೇ ಟ್ರ್ಯಾಕಿಗಿಂತ ಐದು ಪಟ್ಟು ಕಷ್ಟ! ಹೈವೇಯಲ್ಲಿ ಎಂಜಿನ್ ಎರಡು ಎರಡೂವರೆ ಸಾವಿರ ಆರ್‌ಪಿಎಮ್‌ನಲ್ಲಿ ಗುನುಗಿಕೊಂಡು ಹೋಗುತ್ತದೆ. ಟ್ರ್ಯಾಕಿನಲ್ಲಿ ನಾಲ್ಕೂವರೆ ಸಾವಿರದ ಕೆಳಗೆ ಇಳಿಯುವುದೇ ಅಪರೂಪ. ಕಿಲೋಮೀಟರ್ ಅನ್ನುವುದು ಇಲ್ಲಿ ಅಳತೆಯೇ ಅಲ್ಲ.

ಬಿಸಿ ಎಷ್ಟು ಅಂತ ನೋಡಲು, ಕಾರಿನ ಕಂಪ್ಯೂಟರಿನಿಂದ ಅಂಕಿ ಓದುವ ಓಬಿಡಿ ಡಾಂಗಲ್ ಹಾಕಿದೆ. ಹೈವೇಯಲ್ಲಿ ಆಯಿಲ್ 100 ಡಿಗ್ರಿಯ ಆಸುಪಾಸು. ಟ್ರ್ಯಾಕಿನಲ್ಲಿ ಆರನೇ ಸುತ್ತಿಗೆ 128. ಡ್ಯಾಶ್‌ಬೋರ್ಡಿನ ಮುಳ್ಳು ಮಾತ್ರ 90ರಲ್ಲಿ ಅಲ್ಲಾಡದೆ ಕೂತಿತ್ತು. ಅದು ತೋರಿಸುವುದು ಎಂಜಿನ್ ತಣಿಸುವ ದ್ರವದ, ಅಂದರೆ ಕೂಲಂಟಿನ ಬಿಸಿ, ಆಯಿಲಿನದಲ್ಲ. ಅದನ್ನೂ ಪೂರ್ತಿ ನಿಜ ತೋರಿಸುವುದಿಲ್ಲ. ಎಷ್ಟೋ ಕಾರುಗಳಲ್ಲಿ ಬಿಸಿ ಸ್ವಲ್ಪ ಏರಿಳಿದರೂ ಮುಳ್ಳು ನಡುವಿನಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ, ಗ್ರಾಹಕರು ಗಾಬರಿಯಾಗದಿರಲಿ ಅಂತ.

ಬಿಸಿ ಏರಿದಷ್ಟೂ ಎಣ್ಣೆ ತೆಳ್ಳಗಾಗುತ್ತದೆ. ಹತ್ತು ಡಿಗ್ರಿ ಏರಿದರೆ ಅದು ಕೆಡುವ ವೇಗ ಹೆಚ್ಚುಕಮ್ಮಿ ಎರಡು ಪಟ್ಟು ಅನ್ನುವುದು ಮೆಕ್ಯಾನಿಕ್‌ಗಳ ಕೈಲೆಕ್ಕ. ಆದರೂ ಒಳ್ಳೆಯ ಸಿಂಥೆಟಿಕ್ ಆಯಿಲ್ 128 ಡಿಗ್ರಿಗೆ ಹೆದರುವುದಿಲ್ಲ. ಹಾಗಾದರೆ ಒಂದೇ ದಿನಕ್ಕೆ ಕೆಡುತ್ತಾ? ಗೆಳೆಯ ಹೇಳಿದ, 'ವಾದ ಬಿಡು, ಲ್ಯಾಬಿಗೆ ಕಳಿಸು.' ಬಸಿದ ಆಯಿಲಿನ ಸ್ಯಾಂಪಲ್ ಪರೀಕ್ಷೆ ಮಾಡುವ ಲ್ಯಾಬುಗಳಿವೆ, ಲಾರಿ, ಜನರೇಟರ್ ಇಟ್ಟುಕೊಂಡವರು ಮಾಡಿಸುತ್ತಾರೆ. ನಾನು ಎರಡು ಬಾಟಲಿ ಕಳಿಸಿದೆ. ಒಂದು, ಬರೀ ಊರಿನಲ್ಲಿ ನಾಲ್ಕು ತಿಂಗಳು ಓಡಿಸಿದ್ದು. ಇನ್ನೊಂದು, ಅದೇ ಆಯಿಲಿನ ಹೊಸ ಡಬ್ಬ ಹಾಕಿ ಎರಡು ಟ್ರ್ಯಾಕ್ ದಿನ ಓಡಿಸಿದ್ದು.

ರಿಪೋರ್ಟ್ ಬಂದಾಗ ಬಾಟಲಿ ಅದಲು ಬದಲಾಗಿದೆಯಾ ಅಂತ ಫೋನ್ ಮಾಡಿ ಕೇಳಿದೆ. ಹೆಚ್ಚು ತೆಳ್ಳಗಾಗಿದ್ದದ್ದು ಊರಿನ ಆಯಿಲ್! ಅದರ ಫ್ಲ್ಯಾಶ್ ಪಾಯಿಂಟ್, ಅಂದರೆ ಬೆಂಕಿ ತಗುಲಿದರೆ ಹೊತ್ತಿಕೊಳ್ಳುವ ಬಿಸಿ, ಕೆಳಗೆ ಇಳಿದಿತ್ತು. ಕಾರಣ ಪೆಟ್ರೋಲ್. ಸಿಲಿಂಡರ್ ಒಳಗೇ ಪೆಟ್ರೋಲ್ ಸಿಂಪಡಿಸುವ ಈ ಟರ್ಬೊ ಎಂಜಿನ್‌ಗಳಲ್ಲಿ ಸ್ವಲ್ಪ ಪೆಟ್ರೋಲ್ ಗೋಡೆಗೆ ಅಂಟಿ ಆಯಿಲಿಗೆ ಇಳಿಯುತ್ತದೆ. ಮನೆಯಿಂದ ಸ್ಕೂಲಿಗೆ ಮೂರು ಕಿಲೋಮೀಟರ್, ಅಲ್ಲಿಂದ ಮಾರ್ಕೆಟ್ಟಿಗೆ ಎರಡು. ಆಯಿಲ್ ಸರಿಯಾಗಿ ಬಿಸಿಯಾಗುವ ಮೊದಲೇ ಕಾರು ಆಫ್. ಸೇರಿದ ಪೆಟ್ರೋಲ್ ಅಲ್ಲೇ ಉಳಿಯುತ್ತದೆ. ಟ್ರ್ಯಾಕಿಗೆ ಹೋದ ಆಯಿಲಿನಲ್ಲಿ ಅದೆಲ್ಲ ಆವಿಯಾಗಿ ಹೋಗಿತ್ತು. ಅದರಲ್ಲಿ ಕಬ್ಬಿಣದ ಅಂಶ ಸ್ವಲ್ಪ ಜಾಸ್ತಿ ಇತ್ತು, ಆಮ್ಲ ತಡೆಯುವ ಶಕ್ತಿ ಸ್ವಲ್ಪ ಕಡಿಮೆಯಾಗಿತ್ತು. ಆದರೂ ಇನ್ನೊಂದೆರಡು ಟ್ರ್ಯಾಕ್ ದಿನಕ್ಕೆ ಸಾಕಾಗುವಷ್ಟು ಜೀವ ಇತ್ತು. ನಾನು ಇಷ್ಟು ದಿನ ಚೆಲ್ಲುತ್ತಿದ್ದದ್ದು ಒಳ್ಳೆಯ ಎಣ್ಣೆ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಇಟ್ಟುಕೊಂಡಿದ್ದದ್ದು ಕೆಟ್ಟ ಎಣ್ಣೆ.

ಈ ರಿಪೋರ್ಟಿನಿಂದ ನನ್ನ ಲೆಕ್ಕ ತಲೆಕೆಳಗಾಯಿತು. ಈಗ ಟ್ರ್ಯಾಕಿಗೆ ಹೋಗುವ ಮೊದಲು ಆಯಿಲ್ ಹೊಸದಾಗಿರಬೇಕು, ಬಂದ ಮೇಲೆ ಅಲ್ಲ. ಮೂರು ಟ್ರ್ಯಾಕ್ ದಿನ, 5,000 ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಬಿಸಿಯಲ್ಲೂ ತೆಳ್ಳಗಾಗದಿರಲಿ ಅಂತ ಮ್ಯಾನುಯಲ್ ಒಪ್ಪುವ ಗ್ರೇಡುಗಳಲ್ಲೇ ದಪ್ಪನೆಯದು, 5ಡಬ್ಲ್ಯು-40, ಹಾಕುತ್ತೇನೆ. ನಿಮ್ಮ ಮ್ಯಾನುಯಲ್ ಒಪ್ಪದಿದ್ದರೆ ಹಾಕಬೇಡಿ. ಲೆವೆಲ್ ಮೇಲಿನ ಗೆರೆಗೆ ಸರಿಯಾಗಿ. ಕಡಿಮೆ ಇದ್ದರೆ ಉದ್ದನೆಯ ತಿರುವಿನಲ್ಲಿ ಆಯಿಲೆಲ್ಲ ಒಂದು ಪಕ್ಕಕ್ಕೆ ಸರಿದು ಪಂಪು ಗಾಳಿ ಎಳೆಯಬಹುದು, ಆಗ ಬೇರಿಂಗ್ ಹೋಗಲು ಕೆಲವು ಸೆಕೆಂಡ್ ಸಾಕು. ಗೆರೆ ಮೀರಿದರೂ ನೊರೆ ಬರುತ್ತದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಮೊದಲು ಡಿಪ್‌ಸ್ಟಿಕ್ ಎಳೆದು ನೋಡುತ್ತೇನೆ. ಟ್ರ್ಯಾಕಿನಲ್ಲಿ ಎಂಜಿನ್ ಆಯಿಲ್ ಕುಡಿಯುತ್ತದೆ, ನಾಲ್ಕು ಸೆಷನ್ನಿಗೆ ಕಣ್ಣಿಗೆ ಕಾಣುವಷ್ಟು ಇಳಿದದ್ದೂ ಉಂಟು. ಡಿಕ್ಕಿಯಲ್ಲಿ ಒಂದು ಲೀಟರ್ ಯಾವಾಗಲೂ ಇರುತ್ತದೆ.

ಗೇರ್‌ಬಾಕ್ಸ್ ಆಯಿಲ್ ಅನ್ನು ಯಾರೂ ಕೇಳುವುದೇ ಇಲ್ಲ. 'ಲೈಫ್‌ಟೈಮ್ ಫಿಲ್ ಸಾರ್' ಅನ್ನುತ್ತಾರೆ. ಯಾರ ಲೈಫು, ಕಾರಿನದಾ ವಾರಂಟಿಯದಾ? ಎಂಟನೇ ಟ್ರ್ಯಾಕ್ ದಿನದ ಹೊತ್ತಿಗೆ ಮೂರರಿಂದ ಎರಡಕ್ಕೆ ಇಳಿಸುವಾಗ ಕರಕರ ಶುರುವಾಗಿತ್ತು. ಬಿಚ್ಚಿದ ದಿನ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಒಂದು ಮಾತು ಹೇಳಿದರು. ಕೆಳಗಿನ ಬೋಲ್ಟ್ ಬಿಚ್ಚುವ ಮೊದಲು ಮೇಲೆ ತುಂಬುವ ಬೋಲ್ಟ್ ಬಿಚ್ಚಿ ನೋಡು. ಮೇಲಿನದು ತುಕ್ಕು ಹಿಡಿದು ಬರದೇ ಹೋದರೆ, ಎಣ್ಣೆಯಿಲ್ಲದ ಗೇರ್‌ಬಾಕ್ಸ್ ಇಟ್ಟುಕೊಂಡು ಟೋಯಿಂಗ್ ಗಾಡಿಗೆ ಕಾಯಬೇಕು. ಬಸಿದದ್ದು ಗಂಧಕದ ವಾಸನೆ ಹೊಡೆಯುತ್ತಿತ್ತು, ಬೆಳಕಿಗೆ ಹಿಡಿದರೆ ಬೆಳ್ಳಿಪುಡಿ ಉದುರಿಸಿದ ಹಾಗೆ ಮಿನುಗು. ಸ್ವಲ್ಪ ಮಿನುಗು ಸಹಜ, ಚೂರುಗಳು ಸಿಕ್ಕರೆ ಭಯ ಪಡಬೇಕು. ಹೊಸದು ಹಾಕಿದ ಮೇಲೆ ಕರಕರ ಪೂರ್ತಿ ಹೋಗಲಿಲ್ಲ, ಮುಕ್ಕಾಲು ಹೋಯಿತು. ಉಳಿದ ಕಾಲು ನನ್ನ ಎಡಗಾಲಿನ ತಪ್ಪು ಅಂತ ಗೆಳೆಯನ ಅಭಿಪ್ರಾಯ. ಈಗ ವರ್ಷಕ್ಕೊಮ್ಮೆ ಬದಲು.

ಕೂಲಂಟ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಅದು ಟ್ರ್ಯಾಕಿನಿಂದ ಕೆಡುವುದು ಕಡಿಮೆ, ಕಾಲದಿಂದ ಕೆಡುವುದು ಜಾಸ್ತಿ. ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ. ಆದರೆ ಪೈಪು, ಕ್ಲಿಪ್ಪು, ಮುಚ್ಚಳ ಪ್ರತಿ ಸಲ ನೋಡುತ್ತೇನೆ. ಮುಚ್ಚಳದ ಒತ್ತಡದಿಂದಲೇ ಕೂಲಂಟ್ 120 ಡಿಗ್ರಿ ದಾಟಿದರೂ ಕುದಿಯದೆ ಇರುವುದು. ಬಿಸಿ ಇದ್ದಾಗ ಅದನ್ನು ತೆಗೆದವರ ಕೈ ಸುಟ್ಟದ್ದನ್ನು ಪಿಟ್‌ನಲ್ಲಿ (ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗ) ಕಣ್ಣಾರೆ ಕಂಡಿದ್ದೇನೆ. ಟ್ರ್ಯಾಕಿನ ಮೇಲೆ ಕೂಲಂಟ್ ಚೆಲ್ಲಿದರೆ ಹಳದಿ-ಕೆಂಪು ಪಟ್ಟೆಯ ಬಾವುಟ ಬೀಸುತ್ತಾರೆ, ಜಾರುತ್ತೆ ಹುಷಾರು ಅಂತ. ಸೆಷನ್ ನಿಂತರೆ ಎಲ್ಲರ ದುಡ್ಡೂ ದಂಡ, ಆಮೇಲೆ ಚಹಾ ಕುಡಿಯುವಾಗ ಯಾರೂ ಮಾತಾಡಿಸುವುದಿಲ್ಲ.

ಇದೆಲ್ಲ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಕಿಲೋಮೀಟರ್ ಅಲ್ಲ. ತಾರೀಕು, ಎಷ್ಟು ಸೆಷನ್, ಆಯಿಲ್ ಎಷ್ಟು ಬಿಸಿಯಾಯಿತು, ಪೆಡಲ್ ಹೇಗಿತ್ತು. ಮೊದಲ ಸಲ ಹೋಗುವವರಿಗೆ ಇಷ್ಟೆಲ್ಲ ಬೇಕಿಲ್ಲ. ಹೊಸ ಡಾಟ್ 4 ಹಾಕಿಸಿ, ಆಯಿಲ್ ಲೆವೆಲ್ ನೋಡಿ, ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಇದೆಯಾ ನೋಡಿ, ಸಾಕು. ಬಸಿದ ಎಣ್ಣೆಯನ್ನು ದಯವಿಟ್ಟು ಮೋರಿಗೆ ಸುರಿಯಬೇಡಿ. ನಾನು ಡಬ್ಬದಲ್ಲಿ ತುಂಬಿ ಗ್ಯಾರೇಜಿಗೆ ಕೊಡುತ್ತೇನೆ, ಅವರಲ್ಲಿಗೆ ಹಳೇ ಎಣ್ಣೆ ಕೊಳ್ಳುವವರು ಬರುತ್ತಾರೆ.

ನಾಳಿದ್ದು ಮತ್ತೆ ಇರುಂಗಾಟ್ಟುಕೋಟೈ. ಇವತ್ತು ಸಂಜೆ ಬೇಸ್‌ಮೆಂಟಿನಲ್ಲಿ ಮೂರು ಚಕ್ರ ಮುಗಿಸಿದ್ದೆ, ಮುಂದಿನ ಬಲಗಡೆಯದು ಬಾಕಿ. ಈಗ ನಾನು 'ಒತ್ತು, ಬಿಡು' ಅನ್ನುವುದೇ ಬೇಡ, ಸ್ಪ್ಯಾನರಿನ ಸದ್ದು ಕೇಳಿಯೇ ಹೆಂಡತಿಗೆ ಗೊತ್ತಾಗುತ್ತದೆ. ಪೈಪಿನಲ್ಲಿ ಹಳೆಯದು ಹೋಗಿ ತಿಳಿಯಾದದ್ದು ಬರಲು ಶುರುವಾಯಿತು. ನಾನು ನಿಪ್ಪಲ್ ಬಿಗಿ ಮಾಡುತ್ತಿದ್ದೆ. ಒಳಗಿಂದ ದನಿ ಬಂತು: 'ಇನ್ನೆರಡು ಸಲ ಬಿಡ್ರೀ, ಪೆಡಲ್ ಇನ್ನೂ ಮೆತ್ತಗಿದೆ.'

ಮತ್ತೆ ಸಡಿಲಿಸಿದೆ. ಒಂದು ಸಣ್ಣ ಗುಳ್ಳೆ ಬಂತು.